ದಹಿಸರ್–ಗುಂದವಲಿ–ಚರ್ಚ್‌ಗೇಟ್: ಒಂದೇ ಕಾರ್ಡ್ ಸಾಕಾ? ಲೋಕಲ್‌ಗೆ ಗೇಟ್ ಯಾಕಿಲ್ಲ?

ಹೊಸ ದಹಿಸರ್‌ವಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ಮುಂಬೈಗೆ ಬಂದು ದಹಿಸರ್ ಪೂರ್ವದಲ್ಲಿ ಮನೆ ಮಾಡಿದ್ದೇನೆ. ಆಫೀಸು ಗುಂದವಲಿ ಮೆಟ್ರೊ ನಿಲ್ದಾಣದ ಪಕ್ಕ. ವಾರಕ್ಕೆ ಐದು ದಿನ, ನಡುವೆ ಒಂದೊಂದು ಶನಿವಾರ. ತಿಂಗಳಿಗೆ ನಾಲ್ಕೈದು ಸಲ ಆಫೀಸಿಂದಲೇ ಫೋರ್ಟ್ ಕಡೆ ಹೋಗಬೇಕು. ಅಂದರೆ ಮೆಟ್ರೊ 7, ಆಮೇಲೆ ಮೆಟ್ರೊ 1ರಲ್ಲಿ ಅಂಧೇರಿಗೆ ಒಂದು ಸ್ಟೇಷನ್, ಅಲ್ಲಿಂದ ಚರ್ಚ್‌ಗೇಟ್‌ಗೆ ಲೋಕಲ್ ರೈಲು.

ಕೈಯಲ್ಲಿ ಎರಡು ಕಾರ್ಡಿವೆ. ಒಂದು ನಮ್ಮ ಮೆಟ್ರೊದ ಹಳೇ ಸ್ಮಾರ್ಟ್ ಕಾರ್ಡ್, ಇನ್ನೊಂದು ಬ್ಯಾಂಕಿನ ರುಪೇ ಡೆಬಿಟ್ ಕಾರ್ಡ್, ಅದರ ಮೇಲೆ ಎನ್‌ಸಿಎಂಸಿ (ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್) ಗುರುತಿದೆ. ಇವು ಇಲ್ಲಿ ನಡೆಯುತ್ತವಾ? ಮೂರಕ್ಕೂ ಒಂದೇ ಕಾರ್ಡ್ ಇಟ್ಟುಕೊಳ್ಳಬಹುದಾ? ಮೆಟ್ರೊಗೆ ಪಾಸ್ ಮಾಡಿಸುವುದು ಲಾಭವಾ, ದಿನಾ ಟಿಕೆಟ್ ತೆಗೆಯುವುದಾ? ಇನ್ನೊಂದು: ಲೋಕಲ್ ಸ್ಟೇಷನ್‌ಗೆ ಯಾರು ಬೇಕಾದರೂ ಸೀದಾ ನುಗ್ಗಬಹುದು, ಗೇಟಿಲ್ಲ, ಕೇಳುವವರಿಲ್ಲ. ಹಾಗಿದ್ದರೆ ಟಿಕೆಟ್ ನೋಡುವುದು ಯಾವಾಗ, ಎಲ್ಲಿ?

---

ಖಿಡಕಿ ನಂಬರ್ 4

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹೊಸಬರು ದಂಡ ಕಟ್ಟುವುದು ಅಲ್ಲೇ.

ಲೋಕಲ್‌ನಲ್ಲಿ ಗೇಟಿನ ಕೆಲಸ ಮಾಡುವವರು ಟಿ.ಸಿ., ಅಂದರೆ ಟಿಕೆಟ್ ತಪಾಸಣೆಯವರು. ಪ್ಲಾಟ್‌ಫಾರ್ಮ್ ಕೊನೆಯಲ್ಲಿ, ಬ್ರಿಡ್ಜ್ ಮೆಟ್ಟಿಲ ಬುಡದಲ್ಲಿ, ಇಲ್ಲವೇ ಡಬ್ಬಿಯೊಳಗೇ (ಬೋಗಿಯೊಳಗೇ) ಸಿಗುತ್ತಾರೆ. ಒಂದು ತಿಂಗಳು ಕಾಣದೆ ಇರಬಹುದು, ಒಂದೇ ದಿನ ಎರಡು ಸಲ ಎದುರಾಗಬಹುದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 1989ರ ರೈಲ್ವೆ ಕಾಯ್ದೆಯ 138ನೇ ಕಲಂ. ಪ್ರಯಾಣದರ ಕೊಡಬೇಕು, ಅದರ ಮೇಲೆ ಅಷ್ಟೇ ಮೊತ್ತ ಅಥವಾ 250 ರೂ., ಯಾವುದು ಹೆಚ್ಚೋ ಅದು. ಲೋಕಲ್ ದರ ಕಡಿಮೆಯಾದ್ದರಿಂದ ಯಾವಾಗಲೂ 250 ಎಂದೇ ಇಟ್ಟುಕೊಳ್ಳಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ನೀವು ಅಂಧೇರಿಯಲ್ಲೇ ಹತ್ತಿದ್ದು ಅಂತ ತೋರಿಸಲು ಏನೂ ಇಲ್ಲದಿದ್ದರೆ, ಗಾಡಿ ಎಲ್ಲಿಂದ ಹೊರಟಿತೋ ಅಲ್ಲಿಂದ ದರ ಹಾಕುವ ಅಧಿಕಾರ ಅವರಿಗಿದೆ. ವಿರಾರ್ ಗಾಡಿಯಾದರೆ ವಿರಾರ್‌ನಿಂದ. ಮೋಸ ಮಾಡುವ ಉದ್ದೇಶವೇ ಇತ್ತು ಎಂದಾದರೆ 137ನೇ ಕಲಂ, ಆರು ತಿಂಗಳವರೆಗೆ ಜೈಲು, 1,000 ರೂ. ತನಕ ದಂಡ, ಅಥವಾ ಎರಡೂ. ಅಲ್ಲಿಯವರೆಗೆ ಹೋಗುವುದು ಟಿ.ಸಿ. ಜೊತೆ ಜಗಳಕ್ಕೆ ನಿಂತವರು ಮಾತ್ರ.

ಹೊಸಬರ ದೊಡ್ಡ ತಪ್ಪು ಟಿಕೆಟ್ ತೆಗೆಯದಿರುವುದಲ್ಲ, ತಪ್ಪು ಡಬ್ಬಿ ಹತ್ತುವುದು. ಡಬ್ಬಿಯ ಹೊರಗೆ ಹಳದಿ-ಕೆಂಪು ಓರೆ ಪಟ್ಟೆ ಕಂಡರೆ ಅದು ಫಸ್ಟ್ ಕ್ಲಾಸ್. ಒಳಗೂ ನೂಕುನುಗ್ಗಲೇ ಇರುತ್ತದೆ, ನೋಡಿದರೆ ಫಸ್ಟ್ ಕ್ಲಾಸ್ ಅನಿಸುವುದೇ ಇಲ್ಲ. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಅದರಲ್ಲಿ ನಿಂತರೆ ದರದ ವ್ಯತ್ಯಾಸದ ಜೊತೆ 250. ಎಸಿ ಲೋಕಲ್‌ಗೂ ಇದೇ ಮಾತು, ಅದರ ಟಿಕೆಟ್ಟೇ ಬೇರೆ. ಸ್ಲೋ, ಫಾಸ್ಟ್ ಎಂಬ ಭೇದ ಟಿಕೆಟ್‌ಗಿಲ್ಲ. ಒಂದೇ ಟಿಕೆಟ್‌ನಲ್ಲಿ ಯಾವುದನ್ನಾದರೂ ಹತ್ತಿ.

ಅಂಧೇರಿ–ಚರ್ಚ್‌ಗೇಟ್ ಸೆಕೆಂಡ್ ಕ್ಲಾಸ್ 10 ರೂ. (ಬೊರಿವಲಿಯಿಂದಾದರೆ 15.) ತೆಗೆಯುವ ದಾರಿಗಳು ಹೀಗಿವೆ:

ಮೊಬೈಲ್‌ನಲ್ಲಿ: ರೈಲ್ವೆಯ ಟಿಕೆಟ್ ಆ್ಯಪ್ ಯುಟಿಎಸ್ ಬಹಳ ದಿನದಿಂದ ಇತ್ತು. 2025ರ ಜುಲೈ 1ಕ್ಕೆ ರೈಲ್‌ವನ್ ಬಂತು, ಹೊಸದಾಗಿ ಹಾಕಿಸಿಕೊಳ್ಳುವವರು ಅದನ್ನೇ ಹಾಕಿಸಿಕೊಳ್ಳಿ. ಕಾಗದವಿಲ್ಲದ ಟಿಕೆಟ್‌ಗೆ ಎರಡು ಷರತ್ತು. ಹಳಿಯ ಹತ್ತಿರ, ಪ್ಲಾಟ್‌ಫಾರ್ಮ್ ಮೇಲೆ ನಿಂತರೆ ಆ್ಯಪ್ ಟಿಕೆಟ್ ಕೊಡುವುದಿಲ್ಲ, ಜಿಪಿಎಸ್ ನೋಡಿ ತಡೆಯುತ್ತದೆ. ಟಿ.ಸಿ. ಕಂಡ ಮೇಲೆ ಟಿಕೆಟ್ ತೆಗೆಯುವವರಿಗಾಗಿಯೇ ಮಾಡಿದ ಏರ್ಪಾಡು ಇದು. ಎರಡನೆಯದು, ತೆಗೆದ ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಗುಂದವಲಿ ಆಫೀಸಿಂದ ಹೊರಡುವಾಗ ತೆಗೆದರೆ ಸರಿಹೋಗುತ್ತದೆ. ಬೆಳಿಗ್ಗೆ ಮನೆಯಲ್ಲೇ ತೆಗೆದಿಟ್ಟರೆ ಹಣ ಹೋಯಿತು ಅಂದುಕೊಳ್ಳಿ, ಕಾಗದವಿಲ್ಲದ ಟಿಕೆಟ್ ರದ್ದಾಗುವುದಿಲ್ಲ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಆ್ಯಪ್ ತೆರೆದೇ ತೋರಿಸಬೇಕು. ಬ್ಯಾಟರಿ ಸತ್ತರೆ ಟಿಕೆಟ್ ಇಲ್ಲದವರ ಲೆಕ್ಕವೇ.

ಎಟಿವಿಎಂ (ಟಿಕೆಟ್ ಕೊಡುವ ಯಂತ್ರ): ಸ್ಟೇಷನ್ ಒಳಗೆ ಬಂದಾಯಿತು, ಆ್ಯಪ್ ತಡೆಯಿತು ಅಂದರೆ ಇದೇ ಗತಿ. ನಕ್ಷೆಯಲ್ಲಿ ಇಳಿಯುವ ಸ್ಟೇಷನ್ ಒತ್ತಿ, ಸಿಂಗಲ್ಲೋ ರಿಟರ್ನೋ ಆರಿಸಿ, ದುಡ್ಡು ಕೊಟ್ಟು ಕಾಗದದ ಟಿಕೆಟ್ ತೆಗೆದುಕೊಳ್ಳಿ. ಖಿಡಕಿ (ಟಿಕೆಟ್ ಕೌಂಟರ್) ಸಾಲಿಗಿಂತ ಬೇಗ.

ಖಿಡಕಿ: ಛುಟ್ಟಾ (ಚಿಲ್ಲರೆ) ಇದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ತಿಂಗಳಿಗೆ ನಾಲ್ಕೈದು ಸಲಕ್ಕೆ ಲೋಕಲ್ ಪಾಸ್ ಬೇಡ. ದಿನಾ ಹೋಗುವ ಹಾಗಾದರೆ ಮಾತ್ರ ಮಾಡಿಸಿ, ಆಗ ಎರಡು ವಾರದ ಓಡಾಟದಲ್ಲೇ ಪಾಸಿನ ಹಣ ಹುಟ್ಟುತ್ತದೆ. ಮೂರು ತಿಂಗಳದ್ದು ಮಾಸಿಕದ 2.7 ಪಟ್ಟು, ಆರು ತಿಂಗಳದ್ದು 5.4, ವರ್ಷದ್ದು 10.8. ಉದ್ದದ ಪಾಸಿನಲ್ಲಿ ನೂರಕ್ಕೆ ಹತ್ತು ಉಳಿತಾಯ ಎಂದರ್ಥ, ಅದಕ್ಕಿಂತ ಹೆಚ್ಚಲ್ಲ. ಪಾಸಿನಲ್ಲಿ ಬರೆಸಿದ ಗುರುತಿನ ಚೀಟಿ ಜೊತೆಗಿರಬೇಕು, ಬೇರೆಯವರ ಪಾಸ್ ತೋರಿಸಿದರೆ ಪಾಸ್ ಇಲ್ಲದ ಹಾಗೆಯೇ.

ಯಾರನ್ನಾದರೂ ಬಿಟ್ಟುಬರಲು ಪ್ಲಾಟ್‌ಫಾರ್ಮ್‌ಗೆ ಹೋದರೂ ಟಿಕೆಟ್ ಬೇಕು. 10 ರೂ., ಎರಡು ಗಂಟೆ.

---

ಗೇಟ್ ಬಿಚ್ಚುವವ

ಕಾರ್ಡಿನ ವಿಷಯ ನನಗೆ ಬಿಡಿ.

ನಮ್ಮ ಮೆಟ್ರೊದ ಹಳೇ ಸ್ಮಾರ್ಟ್ ಕಾರ್ಡ್ ಇಲ್ಲಿ ಪ್ಲಾಸ್ಟಿಕ್ ತುಂಡು, ಅಷ್ಟೇ. ಅದರ ಚಿಪ್ ತೆರೆಯುವ ಕೀಲಿ ಬೆಂಗಳೂರಿನ ಗೇಟುಗಳಲ್ಲಿ ಮಾತ್ರ ಇದೆ. ಎನ್‌ಸಿಎಂಸಿ ಹಾಗಲ್ಲ, 2019ರಲ್ಲಿ ಇಡೀ ದೇಶಕ್ಕೆ ಅಂತಲೇ ತಂದದ್ದು. ಮೆಟ್ರೊ 2ಎ ಮತ್ತು 7ರ ಗೇಟುಗಳು ಯಾವ ಬ್ಯಾಂಕಿನ ಎನ್‌ಸಿಎಂಸಿಯನ್ನಾದರೂ ಓದುತ್ತವೆ. ಆದ್ದರಿಂದ ನಿಮ್ಮ ಡೆಬಿಟ್ ಕಾರ್ಡ್ ನಡೆಯುತ್ತದೆ. ಆದರೆ ಬ್ಯಾಂಕಿನಲ್ಲಿ ಲಕ್ಷ ರೂಪಾಯಿ ಇದ್ದರೂ ಮೊದಲ ದಿನ ಗೇಟ್ ತೆರೆಯುವುದಿಲ್ಲ. ಕಾರಣ ಹೇಳುತ್ತೇನೆ.

ಎನ್‌ಸಿಎಂಸಿಯಲ್ಲಿ ಎರಡು ಜೇಬು. ಒಂದು ಬ್ಯಾಂಕ್ ಖಾತೆ, ಅದು ಸರ್ವರ್‌ನಲ್ಲಿರುತ್ತದೆ. ಇನ್ನೊಂದು ಚಿಪ್ಪಿನೊಳಗಿನ ಸಣ್ಣ ಪರ್ಸು, 2,000 ರೂ.ಗಿಂತ ಹೆಚ್ಚು ಹಿಡಿಯುವುದಿಲ್ಲ. ಗೇಟಿಗೆ ಕಾಣುವುದು ಚಿಪ್ಪಿನ ಪರ್ಸು ಮಾತ್ರ. ಕಾರ್ಡ್ ತಾಗಿಸಿದಾಗ ಗೇಟ್ ಬ್ಯಾಂಕನ್ನು ಕೇಳುತ್ತಾ ಕೂರುವುದಿಲ್ಲ. ಕೇಳಿದರೆ ಬೆಳಗಿನ ಹೊತ್ತು ಸಾಲು ಮೆಟ್ಟಿಲ ತನಕ ಬರುತ್ತದೆ. ಒಳಗೆ ಹೋಗುವಾಗ ಗೇಟ್ ಚಿಪ್ಪಿನ ಮೇಲೆ ಸ್ಟೇಷನ್ನು, ಸಮಯ ಬರೆಯುತ್ತದೆ. ಹೊರಗೆ ಬರುವಾಗ ಅದನ್ನೇ ಓದಿ, ದೂರ ಲೆಕ್ಕ ಹಾಕಿ, ಹಣ ಕಳೆದು, ಉಳಿಕೆಯನ್ನು ಅಲ್ಲೇ ಬರೆದು ಬಿಡುತ್ತದೆ. ಎಲ್ಲ ಅರ್ಧ ಸೆಕೆಂಡಿನ ಆಸುಪಾಸು.

ಇದರಿಂದ ಮೂರು ತಾಪತ್ರಯ.

ಆನ್‌ಲೈನ್‌ನಲ್ಲಿ ತುಂಬಿದ ಹಣ ನೇರ ಚಿಪ್ಪಿಗೆ ಇಳಿಯುವುದಿಲ್ಲ. ಸರ್ವರ್‌ನಲ್ಲಿ ಕಾಯುತ್ತಿರುತ್ತದೆ. ಸ್ಟೇಷನ್‌ನ ಟರ್ಮಿನಲ್‌ನಲ್ಲಿ ಕಾರ್ಡ್ ಇಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಿದಾಗಲೇ ಚಿಪ್ಪಿಗೆ ಬರುವುದು. "ಮೆಸೇಜ್ ಬಂದಿದೆ, ಗೇಟ್ ತೆಗೆಯುತ್ತಿಲ್ಲ" ಎನ್ನುವ ತಕರಾರಿನಲ್ಲಿ ಮುಕ್ಕಾಲು ಪಾಲು ಇದೇ. ಕೌಂಟರಿನಲ್ಲಿ ನಗದು ಕೊಟ್ಟು ತುಂಬಿಸಿದರೆ ಈ ಕಾಟವಿಲ್ಲ, ಅಲ್ಲೇ ಬರೆದು ಕೊಡುತ್ತಾರೆ.

ಕಾರ್ಡ್ ಕಳೆದರೆ ಚಿಪ್ಪಿನ ಹಣ ಹೋಯಿತು. ಬ್ಯಾಂಕ್ ಖಾತೆಯನ್ನು ಬಂದ್ ಮಾಡಿಸಬಹುದು, ಪರ್ಸಿನೊಳಗಿನ ನೋಟನ್ನು ಬಂದ್ ಮಾಡಿಸಲಾಗುತ್ತದೆಯೇ? ಹಾಗೆಯೇ ಇದು. ವಾರಕ್ಕೆ ಬೇಕಾದಷ್ಟೇ ತುಂಬಿ.

ಮೂರನೆಯದು ಗೇಟಿನ ಎದುರು ದಿನಾ ನೋಡುವಂಥದ್ದು. ಕಾರ್ಡ್ ತಾಗಿಸಿ, ಫೋನ್ ಬಂತೆಂದು ಒಳಗೆ ಹೋಗದೆ ನಿಂತರೆ ಫ್ಲ್ಯಾಪ್ ಮುಚ್ಚಿಕೊಳ್ಳುತ್ತದೆ. ಚಿಪ್ಪಿನ ಪ್ರಕಾರ ನೀವು ಒಳಗಿದ್ದೀರಿ. ಮತ್ತೆ ತಾಗಿಸಿದರೆ ತಿರಸ್ಕಾರ. ಇದಕ್ಕೆ ಉಲ್ಟಾ, ಮುಂದಿನವರ ಬೆನ್ನಿಗಂಟಿ ಹೊರಬಿದ್ದರೆ ನಿರ್ಗಮನ ದಾಖಲಾಗುವುದಿಲ್ಲ, ಮರುದಿನ ಒಳಗೆ ಬಿಡುವುದಿಲ್ಲ. ಎರಡಕ್ಕೂ ಕಸ್ಟಮರ್ ಕೇರ್ ಕಿಟಕಿಯಲ್ಲೇ ಪರಿಹಾರ. ಅಲ್ಲಿ ದಾಖಲೆ ಸರಿ ಮಾಡಿ ಕೊಡುತ್ತಾರೆ. ಗೇಟಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ.

ಈಗ ಗೇಟ್ ದಾಟುವ ರೀತಿ. ಸಣ್ಣ ಮಾತು ಎನಿಸಬಹುದು, ಆದರೆ ಸಾಲು ನಿಲ್ಲುವುದು ಇಂಥವುಗಳಿಂದಲೇ.

ರೀಡರ್ ಯಾವಾಗಲೂ ನಿಮ್ಮ ಬಲಗೈ ಕಡೆ. ಎಡಗೈಯಲ್ಲಿ ಕಾರ್ಡ್ ಹಿಡಿಯುವವರು ಎಡಗಡೆಯ ಪೆಟ್ಟಿಗೆಗೆ ತಾಗಿಸುತ್ತಾರೆ, ಪಕ್ಕದ ಗೇಟ್ ತೆರೆಯುತ್ತದೆ, ಪಕ್ಕದವರು ನಿಮ್ಮ ದುಡ್ಡಲ್ಲಿ ಹೋಗುತ್ತಾರೆ.

ಪರ್ಸ್ ಸಮೇತ ತಾಗಿಸಬೇಡಿ. ಒಳಗೆ ಎರಡು ಮೂರು ತಾಗಿಸುವ ಕಾರ್ಡಿದ್ದರೆ ಎಲ್ಲವೂ ಒಟ್ಟಿಗೆ ಉತ್ತರ ಕೊಡುತ್ತವೆ, ರೀಡರ್ ಯಾವುದನ್ನೂ ಓದದೆ ಕೆಂಪು ತೋರಿಸುತ್ತದೆ. ಕಾರ್ಡನ್ನು ಸವರಿ ಎಳೆಯುವುದೂ ತಪ್ಪು. ಅರ್ಧ ಬರೆಯುವಷ್ಟರಲ್ಲಿ ತೆಗೆದರೆ ದಾಖಲೆ ಪೂರ್ತಿಯಾಗುವುದಿಲ್ಲ. ಇಟ್ಟು, ಹಸಿರು ಬಂದ ಮೇಲೆ ತೆಗೆಯಿರಿ.

ಫೋನಿನ ಕ್ಯೂಆರ್ ಆದರೆ ಬೆಳಕು ಪೂರ್ತಿ ಏರಿಸಿ, ಗಾಜಿಗೆ ಅಂಟಿಸದೆ ನಾಲ್ಕೈದು ಬೆರಳು ಎತ್ತರದಲ್ಲಿ ಹಿಡಿಯಿರಿ. ಅಂಟಿಸಿದರೆ ಕ್ಯಾಮೆರಾಕ್ಕೆ ಫೋಕಸ್ ಸಿಗುವುದಿಲ್ಲ. ಕಾಗದದ ಕ್ಯೂಆರ್ ಅನ್ನು ಚೌಕದ ಮೇಲೆ ಮಡಚಬಾರದು. ಅದು ಬಿಸಿಗೆ ಕಪ್ಪಾಗುವ ಕಾಗದ, ಅಂಗಿ ಜೇಬಿನ ಬೆವರಿಗೇ ಅಕ್ಷರ ಮಾಸುತ್ತದೆ. ಹೊರಗೆ ಬರುವವರೆಗೂ ಬೇಕು, ಎಸೆಯಬೇಡಿ.

ಟ್ರಾಲಿ ಬ್ಯಾಗ್ ಹಿಂದೆ ಎಳೆಯಬೇಡಿ, ಮುಂದೆ ತಳ್ಳಿ. ಪೆಟ್ಟಿಗೆಗಳ ಉದ್ದಕ್ಕೂ ಅತಿಗೆಂಪು ಕಿರಣದ ಜೋಡಿಗಳಿವೆ. ಯಾವ ಕಿರಣ ಯಾವ ಕ್ರಮದಲ್ಲಿ ಕಡಿಯಿತು ಎಂಬುದರಿಂದಲೇ ಒಬ್ಬರೋ ಇಬ್ಬರೋ ಎಂದು ಗೇಟ್ ತೀರ್ಮಾನಿಸುತ್ತದೆ. ಹಿಂದೆ ಬರುವ ಬ್ಯಾಗ್ ಅದಕ್ಕೆ ಎರಡನೇ ಮನುಷ್ಯ. ದೊಡ್ಡ ಸಾಮಾನು, ಗಾಲಿಕುರ್ಚಿ ಇದ್ದವರಿಗೆ ಸಾಲಿನ ತುದಿಯಲ್ಲಿ ಅಗಲದ ಗೇಟ್ ಇರುತ್ತದೆ. ಟಿಕೆಟ್ ಬೇಡದ ಪುಟ್ಟ ಮಗುವನ್ನು ಎತ್ತಿಕೊಳ್ಳಿ ಅಥವಾ ಮುಂದೆ ಬಿಡಿ, ಹಿಂದೆ ಕೈಹಿಡಿದು ಎಳೆಯಬೇಡಿ.

ಒಳಗೆ ಬೆಂಕಿ ಬಿದ್ದರೆ, ಕರೆಂಟ್ ಹೋದರೆ ಗೇಟುಗಳು ಮುಚ್ಚಿಕೊಳ್ಳುತ್ತವೆ ಎಂಬ ಹೆದರಿಕೆ ಹಲವರಿಗಿದೆ. ಆಗುವುದು ಉಲ್ಟಾ. ಫ್ಲ್ಯಾಪನ್ನು ಮುಚ್ಚಿ ಹಿಡಿಯುವುದಕ್ಕೇ ವಿದ್ಯುತ್ ಬೇಕು, ಅದು ಹೋದರೆ ಒಳಗೆ ಸರಿದು ದಾರಿ ಬಿಡುತ್ತದೆ. ಸ್ಟೇಷನ್ ಕಂಟ್ರೋಲ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ತೆರೆಯುವ ಗುಂಡಿಯೂ ಇದೆ.

---

ಮಾಟುಂಗಾ ಪೂರ್ವ

ಗೇಟ್ ಬಿಚ್ಚುವವರು ಗೇಟನ್ನೇ ಬಿಚ್ಚಿಟ್ಟಿದ್ದಾರೆ, ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ.

ಮೆಟ್ರೊ 2ಎ ಮತ್ತು 7 ಒಂದೇ ಸಂಸ್ಥೆಯ ಕೈಯಲ್ಲಿವೆ, ದರವೂ ಒಂದೇ: 3 ಕಿ.ಮೀ. ತನಕ 10 ರೂ., 12ರ ತನಕ 20, 18ರ ತನಕ 30, 24ರ ತನಕ 40, 30ರ ತನಕ 50. ದಹಿಸರ್ ಪೂರ್ವದಿಂದ ಗುಂದವಲಿ ಅಂದರೆ ಮೆಟ್ರೊ 7ರ ತುದಿಯಿಂದ ತುದಿ, ಹದಿನಾರು ಚಿಲ್ಲರೆ ಕಿ.ಮೀ. ಹಾಗಾಗಿ 30 ರೂ.

ಮುಂಬೈ 1 ಕಾರ್ಡ್ ಅಂತ ಇಲ್ಲಿಯದೇ ಎನ್‌ಸಿಎಂಸಿ ಇದೆ, 2023ರ ಜನವರಿಯಲ್ಲಿ ಬಂದದ್ದು. ಅದರಲ್ಲಿ ಸೋಮವಾರದಿಂದ ಶನಿವಾರ ನೂರಕ್ಕೆ 5 ರಿಯಾಯಿತಿ, ಭಾನುವಾರ ಮತ್ತು ರಾಷ್ಟ್ರೀಯ ರಜೆಗಳಲ್ಲಿ 10. ಆಗ ನಿಮ್ಮ ಒಂದು ಸಲದ ಖರ್ಚು 28.50. ಅದೇ ಕಾರ್ಡಿಗೆ 30 ದಿನದ ಟ್ರಿಪ್ ಪಾಸ್ ಹಾಕಿಸಬಹುದು: 45 ಟ್ರಿಪ್ಪಿಗೆ ನೂರಕ್ಕೆ 15 ಕಡಿತ, 60 ಟ್ರಿಪ್ಪಿಗೆ 20.

ಈಗ ಕೂಡಿಸಿ. 45 ಟ್ರಿಪ್: 1,350ರಲ್ಲಿ 15 ಭಾಗ ಕಳೆದು 1,147.50. ಇದನ್ನು 28.50ರಿಂದ ಭಾಗಿಸಿದರೆ 40 ದಾಟುತ್ತದೆ. ಅಂದರೆ 30 ದಿನದಲ್ಲಿ 40 ಸಲದ ತನಕ ಪಾಸ್ ಬೇಡ, ಕಾರ್ಡ್ ತಾಗಿಸುವುದೇ ಅಗ್ಗ. 41ರಿಂದ 45ರ ಪಾಸ್ ಲಾಭ. 60 ಟ್ರಿಪ್: 1,800ರಲ್ಲಿ 20 ಭಾಗ ಕಳೆದು 1,440. ಇದು ಲಾಭವಾಗುವುದು, 28.50ರಿಂದ ಭಾಗಿಸಿದರೆ ಬರುವ 51ಕ್ಕಲ್ಲ ಮಾರಾಯ್ರೆ, ಹೆಚ್ಚಿನವರು ಅಲ್ಲೇ ಎಡವುವುದು. 45ರ ಪಾಸ್ ತೆಗೆದು ಮೇಲಿನ ಟ್ರಿಪ್ಪುಗಳಿಗೆ ಬಿಡಿಯಾಗಿ 30 ರೂ. ಕೊಟ್ಟರೂ 54 ಟ್ರಿಪ್ ತನಕ ಅದೇ ಅಗ್ಗ (1,147.50 + 270 = 1,417.50). 55ಕ್ಕೆ 60ರ ಪಾಸ್ ಗೆಲ್ಲುತ್ತದೆ.

ನಿಮಗೆ ವಾರಕ್ಕೆ ಐದು ದಿನ, ಒಂದೊಂದು ಶನಿವಾರ. 22–23 ದಿನ, ಹೋಗಿ ಬರುವುದು 44–46. ಆದರೆ ಫೋರ್ಟ್‌ಗೆ ಹೋದ ದಿನ ವಾಪಸು ಚರ್ಚ್‌ಗೇಟ್‌ನಿಂದ ಸೀದಾ ದಹಿಸರ್‌ಗೆ ಲೋಕಲ್ ಹಿಡಿಯುವುದೇ ಸಹಜ. ಆ ನಾಲ್ಕೈದು ಕಳೆಯಿರಿ. ಉಳಿಯುವುದು 40ರ ಆಸುಪಾಸು. ಪಾಸು, ಬಿಡಿ ಟಿಕೆಟ್ಟು ಎರಡೂ ಸರಿಸುಮಾರು ಒಂದೇ. ಹಾಗಿರುವಾಗ ಪಾಸ್ ಯಾಕೆ? ಎರಡು ದಿನ ರಜೆ ಹಾಕಿದರೆ ನಷ್ಟ. ಮೊದಲ ತಿಂಗಳು ಬರೀ ಕಾರ್ಡ್ ತಾಗಿಸಿ, ಎಣಿಸಿ ನೋಡಿ, ಆಮೇಲೆ ತೀರ್ಮಾನಿಸಿ. ಮನೆಯಲ್ಲಿ 65 ದಾಟಿದವರು, ಹನ್ನೆರಡನೇ ತರಗತಿ ತನಕದ ಮಕ್ಕಳು, ಅಂಗವಿಕಲರು ಇದ್ದರೆ ಅವರ ಹೆಸರಿನ ಮುಂಬೈ 1 ಕಾರ್ಡಿಗೆ ಟ್ರಿಪ್ ಪಾಸಿನಲ್ಲಿ ನೂರಕ್ಕೆ 25 ರಿಯಾಯಿತಿ ಇದೆ, 2023ರ ಮೇ 1ರಿಂದ. ಊರಿಂದ ನೆಂಟರು ಬಂದು ಊರು ಸುತ್ತುವ ದಿನಕ್ಕೆ 80 ರೂ. ಒಂದು ದಿನದ ಪಾಸ್, 200ಕ್ಕೆ ಮೂರು ದಿನ. 2ಎ ಮತ್ತು 7ಕ್ಕೆ ಮಾತ್ರ, ಉಳಿದವಕ್ಕಲ್ಲ.

ಇನ್ನು ನಡುವಿನ ಕೊಂಡಿ. ಗುಂದವಲಿಯಿಂದ ಮೇಲ್ಸೇತುವೆಯಲ್ಲಿ ನಡೆದರೆ ಮೆಟ್ರೊ 1ರ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್. ಮೈಮೇಲೆ ಬಿಸಿಲು ಬೀಳದೆ ಬರಬಹುದು, ಆದರೆ ಟಿಕೆಟ್ ಜೊತೆಗೆ ಬರುವುದಿಲ್ಲ. ಇಲ್ಲಿ ಹೊರಗೆ ಬಂದು ಅಲ್ಲಿ ಹೊಸದಾಗಿ ಒಳಗೆ ಹೋಗಬೇಕು. ಅಂಧೇರಿಗೆ ಒಂದೇ ಸ್ಟೇಷನ್, 10 ರೂ. ಮೆಟ್ರೊ 1 ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಿದ್ದು, 2014ರ ಜೂನ್ 8ರಂದು ಶುರುವಾಯಿತು, ದರದ ಪಟ್ಟಿಯೇ ಬೇರೆ. ವರ್ಸೋವಾದಿಂದ ಘಾಟ್‌ಕೋಪರ್ 11.4 ಕಿ.ಮೀ.ಗೆ 40 ರೂ. ಅಷ್ಟೇ ದೂರ ಮೆಟ್ರೊ 7ರಲ್ಲಿ ಹೋದರೆ 20. ಒಂದೇ ಊರು, ಒಂದೇ ಎತ್ತರದ ಕಂಬ, ದರ ಎರಡು ಪಟ್ಟು.

ಒಟ್ಟು: 30 + 10 + 10 = 50 ರೂ., ಮೂರು ಟಿಕೆಟ್. ಪ್ರತಿ ಸಲ ಸಂಸ್ಥೆ ಬದಲಾದಾಗ ಮೊದಲ ಕಿಲೋಮೀಟರಿನ ದುಬಾರಿ ದರ ಮತ್ತೆ ಕೊಡಬೇಕಲ್ಲ, ಅದೇ ಇಲ್ಲಿಯ ದೊಡ್ಡ ಅನ್ಯಾಯ. ಗೇಟಿನದ್ದಲ್ಲ.

---

ಹೊಸ ದಹಿಸರ್‌ವಾಸಿ

ಬಹಳ ಉಪಕಾರವಾಯಿತು. ಎರಡು ಸಣ್ಣ ಪ್ರಶ್ನೆ. ಮುಂಬೈ ವನ್ ಅಂತ ಒಂದು ಆ್ಯಪ್ ಬಂದಿದೆಯಲ್ಲ, ಮೇಲೆ ಹೇಳಿದ ಮುಂಬೈ 1 ಕಾರ್ಡ್ ಅದೇನಾ? ಮತ್ತೆ, ಗೇಟಿನ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಚರ್ಚ್‌ಗೇಟ್ ಒಂದಕ್ಕಾದರೂ ಹಾಕಬಹುದಲ್ಲ? ಅಲ್ಲಿ ಎಲ್ಲ ಪ್ಲಾಟ್‌ಫಾರ್ಮ್ ಒಂದೇ ಕಡೆ ಬಂದು ಮುಗಿಯುತ್ತವೆ.

---

ಮಾಟುಂಗಾ ಪೂರ್ವ

ಅಲ್ಲ. ಹೆಸರು ಇಟ್ಟವರಿಗೆ ಕೈ ಮುಗಿಯಬೇಕು. ಮುಂಬೈ 1 ಕೈಯಲ್ಲಿ ಹಿಡಿಯುವ ಕಾರ್ಡ್. ಮುಂಬೈ ವನ್ ಫೋನಿನ ಆ್ಯಪ್, 2025ರ ಅಕ್ಟೋಬರ್ 8ರಂದು ಬಿಡುಗಡೆಯಾದದ್ದು, 11 ಸಾರಿಗೆ ಸಂಸ್ಥೆಗಳನ್ನು ಸೇರಿಸಿಕೊಂಡಿದೆ: ಮೆಟ್ರೊಗಳು, ಮೊನೊ, ಲೋಕಲ್, ಬೆಸ್ಟ್, ಠಾಣೆ, ನವಿ ಮುಂಬೈ, ಕಲ್ಯಾಣ್-ಡೊಂಬಿವಲಿ, ಮೀರಾ-ಭಾಯಂದರ್ ಬಸ್ಸುಗಳು. ನಿಮ್ಮ ಮೂರು ಟಿಕೆಟನ್ನು ಒಂದೇ ಸಲ ದುಡ್ಡು ಕೊಟ್ಟು ತೆಗೆಯುವ ಅನುಕೂಲ. ಟಿಕೆಟ್ ಒಂದೇ ಆದರೂ ದರ ಒಂದಾಗಲಿಲ್ಲ, ಮೂರನ್ನೂ ಕೂಡಿಸಿಯೇ ತೆಗೆದುಕೊಳ್ಳುತ್ತದೆ.

---

ಬ್ರಿಡ್ಜ್ ಮೇಲಿನವ

ಚರ್ಚ್‌ಗೇಟ್ ಲೆಕ್ಕ ಹಾಕಿಬಿಡೋಣ.

ಒಳ್ಳೆಯ ಗೇಟ್ ಒಂದು ನಿಮಿಷಕ್ಕೆ 30 ಜನರನ್ನು ಬಿಡುತ್ತದೆ ಎಂದಿಟ್ಟುಕೊಳ್ಳಿ, ಯಾರೂ ತಡಕಾಡದಿದ್ದರೆ. ಬೆಳಿಗ್ಗೆ ಹನ್ನೆರಡು ಡಬ್ಬಿಯ ಗಾಡಿಯಿಂದ ಚರ್ಚ್‌ಗೇಟ್‌ನಲ್ಲಿ ಇಳಿಯುವವರು 2,000 ಎಂದು ಕಡಿಮೆಯಲ್ಲೇ ಹಿಡಿಯೋಣ. ಮುಂದಿನ ಗಾಡಿ ಮೂರು ನಿಮಿಷಕ್ಕೆ. ಮೂರು ನಿಮಿಷದಲ್ಲಿ ಒಂದು ಗೇಟ್ 90 ಜನ. 2,000ಕ್ಕೆ 23 ಗೇಟ್ ಬಿಡುವಿಲ್ಲದೆ ಓಡಬೇಕು. ಒಂದೂ ಕೆಡಬಾರದು, ಒಬ್ಬರ ಕಾರ್ಡೂ ಕೆಂಪು ತೋರಿಸಬಾರದು. ಪೆಟ್ಟಿಗೆ ಸೇರಿ ಗೇಟೊಂದಕ್ಕೆ 80 ಸೆಂ.ಮೀ. ಹಿಡಿದರೂ 18 ಮೀಟರ್ ಗೋಡೆ. ಇದು ಹೊರಗೆ ಹೋಗುವವರಿಗೆ ಮಾತ್ರ. ಎದುರಿಂದ ಬರುವವರಿಗೆ, ಕೆಟ್ಟು ನಿಂತದ್ದಕ್ಕೆ, ಗಾಲಿಕುರ್ಚಿಗೆ ಬೇರೆ. ಸಂಜೆ ಇದೇ ತಿರುಗುಮುರುಗು. ಚರ್ಚ್‌ಗೇಟ್‌ನಲ್ಲಿ ಹೇಗೋ ತುರುಕಬಹುದು ಅನ್ನಿ, ನಾಲ್ಕೇ ಪ್ಲಾಟ್‌ಫಾರ್ಮ್, ಮುಂದೆ ಸಮತಟ್ಟು ಜಾಗ.

ಆದರೆ ಟಿಕೆಟ್ ಇಲ್ಲದವನು ಚರ್ಚ್‌ಗೇಟ್‌ಗೇ ಬರಬೇಕೆಂದೇನಿದೆ? ಒಂದು ಸ್ಟೇಷನ್ ಮೊದಲು ಮರೀನ್ ಲೈನ್ಸ್‌ನಲ್ಲಿ ಇಳಿದು ನಡೆಯುತ್ತಾನೆ. ಗೇಟ್ ಎಂದರೆ ಎಲ್ಲ ಸ್ಟೇಷನ್ನಿಗೂ ಹಾಕಬೇಕು, ಇಲ್ಲವೇ ಎಲ್ಲೂ ಬೇಡ. ಈಗ ದಾದರ್ ನೆನೆಸಿಕೊಳ್ಳಿ. ಪಶ್ಚಿಮ, ಮಧ್ಯ ಎರಡು ರೈಲ್ವೆ, ದೂರದ ಗಾಡಿಗಳ ಪೆಟ್ಟಿಗೆ ಹೊತ್ತವರು ಅದೇ ಸೇತುವೆಗಳಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬರೀ ದಾಟಿ ಹೋಗುವ ಮಾರ್ಕೆಟ್ ಜನ ಕೂಡ. ಮೆಟ್ಟಿಲ ಬುಡದಲ್ಲಿ ಗೇಟ್ ಹಾಕಿದರೆ ಸಾಲು ಮೆಟ್ಟಿಲ ಮೇಲೆ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಜನ ನಿಂತರೆ ಏನಾಗುತ್ತದೆ ಎಂಬುದು ಈ ಊರಿಗೆ ಗೊತ್ತು. 2017ರ ಸೆಪ್ಟೆಂಬರ್ 29, ಮಳೆಯ ಬೆಳಿಗ್ಗೆ, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ಕಾಲ್ತುಳಿತಕ್ಕೆ 23 ಜನ ಸತ್ತರು. ಅಲ್ಲಿ ಯಾವ ಗೇಟೂ ಇರಲಿಲ್ಲ. ಮೇಲೆ ಜನ ಸೇರುತ್ತಾ ಹೋದರು, ಕೆಳಗೆ ಸರಾಗವಾಗಿ ಖಾಲಿಯಾಗಲಿಲ್ಲ, ಅಷ್ಟೇ ಸಾಕಾಯಿತು. ಲೋಕಲ್ ಸ್ಟೇಷನ್ನಿನಲ್ಲಿ ಮೊದಲ ನಿಯಮ ಜನ ಹರಿಯುತ್ತಿರಬೇಕು ಎನ್ನುವುದು. ಟಿಕೆಟ್ ಆಮೇಲೆ.

---

ಹಾರ್ಬರ್ ಲೈನ್

ಒಪ್ಪುವುದಿಲ್ಲ. ನಿಮಿಷಕ್ಕೆ 30 ಎನ್ನುವುದು ನಮ್ಮ ಮೆಟ್ರೊ ಗೇಟಿನ ಲೆಕ್ಕ. ಟೋಕಿಯೊದಲ್ಲಿ ಅದರ ಎರಡರಷ್ಟು ಜನ ದಾಟುತ್ತಾರೆ. ಅಲ್ಲಿ ಗೇಟ್ ತೆರೆದೇ ಇರುತ್ತದೆ, ದುಡ್ಡಿಲ್ಲದ ಕಾರ್ಡ್ ಬಂದಾಗ ಮಾತ್ರ ಮುಚ್ಚುತ್ತದೆ. ಜನ ನಡಿಗೆ ನಿಲ್ಲಿಸುವುದೇ ಇಲ್ಲ. ಅವರ ಸ್ಟೇಷನ್ನುಗಳಲ್ಲೂ ನಮ್ಮಷ್ಟೇ ಜನಜಂಗುಳಿ. ಮಾಡಲು ಆಗುವುದಿಲ್ಲ ಎನ್ನುವುದಕ್ಕಿಂತ ಮಾಡಲು ಮನಸ್ಸಿಲ್ಲ ಎನ್ನಿ. ಟಿಕೆಟ್ ತೆಗೆದು ನಿಂತವನ ಪಕ್ಕದಲ್ಲಿ ತೆಗೆಯದವನು ಕೂತು ಹೋಗುತ್ತಾನಲ್ಲ, ಅದಕ್ಕೆ ಏನು ಹೇಳುತ್ತೀರಿ?

---

ಗೇಟ್ ಬಿಚ್ಚುವವ

ಟೋಕಿಯೊ ಉದಾಹರಣೆ ಸರಿಯಾದದ್ದೇ. ಆದರೆ ಅದರ ಹಿಂದಿನ ತಯಾರಿ ನೋಡಬೇಕು. ಅವರ ಸುಯಿಕಾ ಕಾರ್ಡ್ 2001ರ ನವೆಂಬರ್‌ನಲ್ಲಿ ಬಂತು, ಚಿಪ್ಪನ್ನು 0.2 ಸೆಕೆಂಡಿನಲ್ಲಿ ಓದಿ ಬರೆಯಬೇಕೆಂದು ಮೊದಲೇ ಗೆರೆ ಎಳೆದು ಮಾಡಿದ್ದು. ನಮ್ಮ ಎನ್‌ಸಿಎಂಸಿ ಬ್ಯಾಂಕ್ ಕಾರ್ಡಿನ ವಂಶದ್ದು, ಭದ್ರತೆಯ ಮಾತುಕತೆ ಉದ್ದ, ಅದಕ್ಕೇ ಅರ್ಧ ಸೆಕೆಂಡ್. ಕೇಳಲು ಏನೂ ಅಲ್ಲ. ಸಾಲಿನಲ್ಲಿ ಅದೇ ವ್ಯತ್ಯಾಸ ನಡೆಯುತ್ತಾ ದಾಟುವುದಕ್ಕೂ ನಿಂತು ದಾಟುವುದಕ್ಕೂ ನಡುವಿನದ್ದು. ಕ್ಯೂಆರ್ ಇನ್ನೂ ನಿಧಾನ, ಫೋನ್ ತಿರುಗಿಸಿ ಹಿಡಿಯುವುದರಲ್ಲೇ ಎರಡು ಸೆಕೆಂಡ್ ಹೋಗುತ್ತದೆ.

ಲೋಕಲ್‌ನಲ್ಲಿ ಇಂದು ಜನರ ಕೈಯಲ್ಲಿರುವುದು ಏನು? ಕಾಗದದ ಟಿಕೆಟ್, ಕಾಗದದ ಪಾಸ್, ಆ್ಯಪ್ ಪರದೆ. ಕನಿಷ್ಠ ದರ 5 ರೂ. ಗೇಟ್ ಹಾಕುವ ಮೊದಲು ಇವರೆಲ್ಲರಿಗೂ ಚಿಪ್ ಕಾರ್ಡ್ ಕೊಡಬೇಕು, ಸ್ಟೇಷನ್ನಿಗೆ ಸುತ್ತ ಬೇಲಿ ಕಟ್ಟಬೇಕು, ಹಳಿ ದಾಟಿ ಬರುವ ಕಂಡಿಗಳನ್ನೆಲ್ಲ ಮುಚ್ಚಬೇಕು. ಗೇಟ್ ಕೊನೆಯ ಕೆಲಸ. ಜನ ಅದನ್ನೇ ಮೊದಲ ಕೆಲಸ ಅಂದುಕೊಳ್ಳುತ್ತಾರೆ.

ನ್ಯಾಯದ ಮಾತಿಗೆ ಬಂದರೆ, ಗೇಟಿಲ್ಲದ ಪದ್ಧತಿ ಮುಂಬೈಯ ಸೋಮಾರಿತನ ಮಾತ್ರ ಅಲ್ಲ. ಬರ್ಲಿನ್ ಮೆಟ್ರೊದಲ್ಲೂ ಗೇಟಿಲ್ಲ, ತಪಾಸಣೆ ಮತ್ತು ದಂಡದ ಮೇಲೆ ನಡೆಯುತ್ತದೆ. ಅದರ ಗಣಿತ ಸರಳ. ಅಂಧೇರಿ–ಚರ್ಚ್‌ಗೇಟ್ 10 ರೂ., ಸಿಕ್ಕಿಬಿದ್ದರೆ 260. 26 ಸಲಕ್ಕೆ ಒಂದು ಸಲ ಸಿಕ್ಕಿಬೀಳುವ ಹಾಗಿದ್ದರೆ ಟಿಕೆಟ್ ತೆಗೆಯದವನಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಪಾಸಿನವನ ಒಂದು ಸಲದ ಖರ್ಚು ಇನ್ನೂ ಕಡಿಮೆ. ಆದ್ದರಿಂದ ಕೇಳಬೇಕಾದ್ದು ಗೇಟನ್ನಲ್ಲ, 26ಕ್ಕಿಂತ ಬೇಗ ಎದುರಾಗುವಷ್ಟು ಟಿ.ಸಿ.ಗಳನ್ನು. ಮತ್ತೆ, 250 ಎಂಬ ಅಂಕಿ 2004ರಿಂದ ಹಾಗೇ ಇದೆ. ಅದನ್ನು ಎರಡರಷ್ಟು ಮಾಡಿದರೂ ಗೇಟಿಗಿಂತ ಅಗ್ಗ.

---

ಖಿಡಕಿ ನಂಬರ್ 4

ಅಂಕಿ ಏರಿಸುವ ಮಾತು ಒಪ್ಪಿಗೆ. ಹೊಸ ದಹಿಸರ್‌ವಾಸಿಗೆ ಇನ್ನೆರಡು ಮಾತು ಬಿಟ್ಟುಹೋಗಿತ್ತು.

ಮಕ್ಕಳ ನಿಯಮ ಎರಡೂ ಕಡೆ ಬೇರೆ. ಲೋಕಲ್‌ನಲ್ಲಿ ವಯಸ್ಸು ನೋಡುತ್ತಾರೆ, 5ರೊಳಗೆ ಉಚಿತ, 5ರಿಂದ 12 ಅರ್ಧ. ಮೆಟ್ರೊದಲ್ಲಿ ಎತ್ತರ ನೋಡುತ್ತಾರೆ, ಗೇಟಿನ ಬಳಿ ಗೋಡೆ ಮೇಲೆ ಗೆರೆ ಇರುತ್ತದೆ.

ಮೆಟ್ರೊ ತಪ್ಪಿದ ದಿನ ಬೆಸ್ಟ್ ಬಸ್ ಹಿಡಿದರೆ, 2025ರ ಮೇ 9ರಿಂದ ಕನಿಷ್ಠ ದರ ಸಾದಾ ಬಸ್ಸಿಗೆ 10, ಎಸಿಗೆ 12. 5 ಕಿ.ಮೀ. ದಾಟಿದರೆ 15 ಮತ್ತು 20. ಅಲ್ಲಿ ಗೇಟೂ ಇಲ್ಲ, ಗೊಂದಲವೂ ಇಲ್ಲ. ಕಂಡಕ್ಟರ್ ಬಳಿ ಛುಟ್ಟಾ ಇರುವುದಿಲ್ಲ, ಅಷ್ಟೇ. ಹತ್ತರ ನೋಟು ಇಟ್ಟುಕೊಂಡಿರಿ.